ಎರವಲು ನೆಮ್ಮದಿ

ಜೋಳದ ಹಿಟ್ಟು ನಾದುತ್ತಿದ್ದ ಕಸ್ತೂರಿಯ ಕೈ ಪರಾತದಲ್ಲೇ ನಿಂತುಹೋಯಿತು. ಅದು ಮತ್ತೆ ಬಂದಿತ್ತು. ಮೊದಲು ಹೊಟ್ಟೆಯೊಳಗೆ ಏನೋ ಜಾರಿದ ಹಾಗೆ, ಆಮೇಲೆ ಎದೆಬಡಿತ ಗಂಟಲಿಗೆ ಏರಿದ ಹಾಗೆ, ಕೊನೆಗೆ ಏನೋ ಅನಾಹುತ ಆಗಿಹೋಗಿದೆ ಎಂಬ ದಿಗಿಲು. ಏನಾಗಿದೆ? ಗ್ಯಾಸಿನ ಕಡೆ ನೋಡಿದಳು, ಸರಿಯಿತ್ತು. ಮಗಳು ಕಣ್ಣೆದುರಿಗೇ ಜಡೆ ಹಾಕಿಕೊಳ್ಳುತ್ತಿದ್ದಳು. ಗಂಡ ಗಿರಣಿಗೆ ಹೊರಡಲೆಂದು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ. ಎಲ್ಲವೂ ಇದ್ದಲ್ಲೇ ಇತ್ತು, ಆದರೂ ಕೈಯ ನಡುಕ ನಿಲ್ಲಲಿಲ್ಲ.

"ಅವ್ವಾ, ಯಾಕ ಹಂಗ ನಿಂತಿ?" ಎಂದಳು ನಂದಿತಾ.

"ಏನಿಲ್ಲ. ಎಸರು ಭಾಳ ಬಿಸಿ ಇತ್ತು."

ನಂದಿತಾ ಅಪ್ಪನ ಮುಖ ನೋಡಿದಳು, ಈರಣ್ಣ ಮಗಳ ಮುಖ ನೋಡಿದ. ಅರೆಗಳಿಗೆಯ ಆ ನೋಟವನ್ನು ಕಸ್ತೂರಿ ಕಂಡಳು. ಎಷ್ಟೋ ವರ್ಷಗಳಿಂದ ಈ ಮನೆಯಲ್ಲಿ ಕಾಣದಿದ್ದ ನೋಟ ಅದು.

ಈರಣ್ಣ ಗಂಟಲು ಸರಿಮಾಡಿಕೊಂಡು, ಬೇಕಿಲ್ಲದಷ್ಟು ಗೆಲುವಿನಿಂದ ಕೇಳಿದ: "ರಾತ್ರಿ ಚಲೋ ನಿದ್ದಿ ಬಂತಿಲ್ಲೋ?"

"ಬಂತ್ರಿ."

ಅದು ಸುಳ್ಳಲ್ಲ. ನಿದ್ದೆ ಬಂದಿತ್ತು. ಅದೇ ಅವಳಿಗೆ ಅರ್ಥವಾಗದ ಸಂಗತಿಯಾಗಿತ್ತು.

ನಂದಿತಾ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದ ಕಾಲದಲ್ಲಿ ಕಸ್ತೂರಿಗೆ ನಿದ್ದೆ ಬಿಟ್ಟುಹೋಗಿತ್ತು, ನಿದ್ದೆ ಬೇಕು ಅನ್ನಿಸುತ್ತಲೂ ಇರಲಿಲ್ಲ. ಊರಿನವರೆಲ್ಲ ತನ್ನ ಮಕ್ಕಳೆಂದು ಹಾಡುತ್ತ, ಮನೆಯ ಪಾತ್ರೆಪಡಗ, ಕಿವಿಯ ಬೆಂಡೋಲೆ, ಕೊನೆಗೆ ಗಂಡನ ಸ್ಕೂಟರನ್ನೂ ದಾರಿಹೋಕರಿಗೆ ಹಂಚುತ್ತ ಹಳೇ ಹುಬ್ಬಳ್ಳಿಯ ಓಣಿ ಓಣಿ ತಿರುಗಿದ್ದಳು. ಆಸ್ಪತ್ರೆ, ಗುಳಿಗೆ, ಮತ್ತೆ ಆಸ್ಪತ್ರೆ. ಮೇಲೇಳುವುದಕ್ಕೆ ವರ್ಷಗಳೇ ಹಿಡಿದವು. ಎದ್ದಮೇಲೆ ಅವಳು ಹಿಡಿದ ಕೆಲಸಕ್ಕೆ ಊರಿನ ಮಾನಸಿಕ ಆರೋಗ್ಯ ಕೇಂದ್ರದವರು ಇಟ್ಟ ಹೆಸರು ಒಡನಾಡಿ. ಮನಸ್ಸಿನ ಕಾಯಿಲೆಯನ್ನು ದಾಟಿ ಬಂದವರು ಈಗ ದಾಟುತ್ತಿರುವವರ ಜೊತೆಗಿರಬೇಕು, ಅಷ್ಟೇ. ಔಷಧ ಹೇಳುವುದು ವೈದ್ಯರ ಕೆಲಸ. ಒಡನಾಡಿ ಜೊತೆಗೆ ಕೂತು ಚಹಾ ಕುಡಿಯುತ್ತಾಳೆ, ಬ್ಯಾಂಕಿಗೆ ಹೋಗಲು ಹೆದರುವವರ ಜೊತೆ ಬ್ಯಾಂಕಿಗೆ ಹೋಗುತ್ತಾಳೆ, "ನಂಗೂ ಹಿಂಗ ಆಗಿತ್ತು" ಎನ್ನುತ್ತಾಳೆ.

ಬಿಲ್ಲೆ ಬಂದದ್ದು ಕಳೆದ ವರ್ಷ. ಕಿವಿಯ ಹಿಂದೆ ಅಂಟಿಸಿಕೊಳ್ಳುವ, ತೊಗರಿಬೇಳೆಯಷ್ಟು ದಪ್ಪದ ಒಂದು ಬಿಲ್ಲೆ. ಎದೆ, ಹೊಟ್ಟೆ, ಉಸಿರುಗಳನ್ನೆಲ್ಲ ಹಿಡಿತದಲ್ಲಿಡುವ ನರದ ಒಂದು ಎಳೆ ಕಿವಿಯ ಬಳಿಯೇ ಹಾದುಹೋಗುತ್ತದೆ. ಗುಣವಾಗುತ್ತಿರುವವರ ಎದೆಬಡಿತ ಅಡ್ಡಾದಿಡ್ಡಿಯಾದ ಕೂಡಲೇ ಅವರ ಬಿಲ್ಲೆ ಮೊಬೈಲ್ ಜಾಲದ ಮೂಲಕ ಒಡನಾಡಿಯ ಬಿಲ್ಲೆಯನ್ನು ಹುಡುಕಿ, ಅವಳ ಉಸಿರಿನ ಲಯವನ್ನು ತಂದು, ಆ ನರವನ್ನು ಅದೇ ಲಯದಲ್ಲಿ ಮೆಲ್ಲಗೆ ತಟ್ಟುತ್ತದೆ. ಇಬ್ಬರು ಜೊತೆಯಾಗಿ ನಡೆಯುವಾಗ ಹೆಜ್ಜೆಗಳು ತಾವಾಗಿಯೇ ಕೂಡಿಕೊಳ್ಳುವ ಹಾಗೆ, ಹೆದರಿದ ಮೈ ನೆಮ್ಮದಿಯ ಮೈಯನ್ನು ಹಿಂಬಾಲಿಸುತ್ತದೆ. ವೈದ್ಯರು, ದಾದಿಯರು ತಾವೇ ಹಾಕಿಕೊಂಡು ನೋಡಿದರು, ಅಷ್ಟಾಗಿ ಫಲ ಸಿಗಲಿಲ್ಲ. ಆ ಭಯವನ್ನು ಒಮ್ಮೆ ಅನುಭವಿಸಿ ದಾಟಿದವರ ಲಯವೇ ಹೆಚ್ಚು ಹಿಡಿಯುತ್ತಿತ್ತು. ಯಾಕೆಂದು ಇನ್ನೂ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಎರಡು ಲಯಗಳು ಕೂಡಿಕೊಳ್ಳಬೇಕಾದರೆ ಹೆದರಿದವರದೂ ಒಂಚೂರು ಒಡನಾಡಿಯ ಕಡೆಗೆ ಬರಬೇಕಾಗುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಒಂಚೂರು ಮಾತ್ರ, ಗಮನಕ್ಕೂ ಬರುವುದಿಲ್ಲ ಎಂದಿದ್ದರು.

ಅಂದು ಕಸ್ತೂರಿ ಕೇಂದ್ರಕ್ಕೆ ಹೋದವಳೇ ಮೊದಲು ನಿಗಾ ಕೊಠಡಿಗೆ ಹೋದಳು. ಗೋಡೆ ತುಂಬ ಪರದೆಗಳು, ಪ್ರತಿಯೊಬ್ಬರಿಗೂ ಒಂದೊಂದು ಗೆರೆ. ಎಂಜಿನಿಯರ್ ಪ್ರಣತಿ ಅಲ್ಲಿ ಕೂತಿರುತ್ತಿದ್ದಳು. ಮೈಸೂರು ಕಡೆಯ ಹುಡುಗಿ, ಈ ಯಂತ್ರದ ಜೊತೆಗೇ ಊರಿಗೆ ಬಂದವಳು.

"ಪ್ರಣತಿ, ನನ್ನ ಮಂದ್ಯಾಗ ಯಾರಿಗರ ತ್ರಾಸ ಆಗೇತೇನು?"

"ಇಲ್ವಲ್ಲ ಮೇಡಂ. ಎಲ್ಲರದೂ ಹಸಿರು ಇದೆ. ದಾವಲ್‌ಸಾಬ್ ಅವರದಂತೂ ನೋಡಿ, ಒಂದು ಏರಿಳಿತ ಇಲ್ಲ. ನಮ್ಮ ಇಡೀ ಯೋಜನೆಯಲ್ಲಿ ಇಷ್ಟು ಚೆನ್ನಾಗಿರೋರು ಇನ್ನೊಬ್ಬರಿಲ್ಲ." ಪ್ರಣತಿ ಪರದೆಯ ಮೂಲೆಗೆ ಬೆರಳು ತೋರಿಸಿದಳು. "ನಿಮ್ಮ ಗೆರೇನೇ ಮೇಡಂ... ಬೆಳಗ್ಗೆಯಿಂದ ಯಾಕೋ ಸರಿಯಿಲ್ಲ."

ಪರದೆಯ ಮೂಲೆಯಲ್ಲಿ ಕಸ್ತೂರಿಯ ಗೆರೆ ಗರಗಸದ ಹಲ್ಲಿನಂತೆ ಏರಿಳಿಯುತ್ತಿತ್ತು. ತನ್ನವರೆಲ್ಲ ನೆಮ್ಮದಿಯಾಗಿದ್ದಾರೆ. ಹಾಗಾದರೆ ಈ ಭಯ ತನ್ನದೇ. ಕಾಯಿಲೆ ತಿರುಗಿ ಬರುತ್ತಿದೆ, ಈ ಸಲ ಬೇರೆ ವೇಷದಲ್ಲಿ. ಅವಳಿಗೆ ಕುರ್ಚಿ ಬೇಕೆನಿಸಿತು, ಆದರೆ ಪ್ರಣತಿಯ ಮುಂದೆ ಕೂರಲು ಧೈರ್ಯವಾಗಲಿಲ್ಲ.

ಮಧ್ಯಾಹ್ನ ದಾವಲ್‌ಸಾಬ್ ನದಾಫನನ್ನು ಕಾಣುವುದಿತ್ತು. ಅವನು ನರ್ಸಿಂಗ್ ಕಾಲೇಜೊಂದರ ಬಸ್ ಡ್ರೈವರ್. ಹಿಂದೆ ಅವನಿಗೆ ಅಂಟಿಕೊಂಡಿದ್ದ ಕಾಯಿಲೆ ವಿಚಿತ್ರವಾದದ್ದು. ಗಾಡಿ ಎಲ್ಲಿ ಸ್ವಲ್ಪ ಕುಲುಕಿದರೂ ಗಾಲಿಯ ಕೆಳಗೆ ಯಾರೋ ಸಿಕ್ಕರೆಂಬ ಭಯ. ಇಳಿದು ನೋಡುತ್ತಿದ್ದ. ಯಾರೂ ಇರುತ್ತಿರಲಿಲ್ಲ. ಹತ್ತಿ ಕೂತರೆ, ಸರಿಯಾಗಿ ನೋಡಿದೆನೋ ಇಲ್ಲವೋ ಎಂಬ ಭಯ. ಮತ್ತೆ ಇಳಿಯುತ್ತಿದ್ದ. ದಾಟಿ ಬಂದ ರಸ್ತೆಯನ್ನು ನಡೆದು ಹೋಗಿ ಹುಡುಕುತ್ತಿದ್ದ. ಯಾರನ್ನೂ ಒಂದು ದಿನವೂ ಗಾಯಗೊಳಿಸದ ಮನುಷ್ಯ, ಕೊಲೆಗಾರನ ಹಾಗೆ ಮೂಲೆ ಹಿಡಿದು ಕೂತುಬಿಟ್ಟಿದ್ದ. ಈಗ ಬಿಲ್ಲೆ ಬಂದಮೇಲೆ ವೈದ್ಯರು ಒಪ್ಪಿದ್ದರಿಂದ ಮತ್ತೆ ಸ್ಟೀರಿಂಗ್ ಹಿಡಿದಿದ್ದ.

ಕಾಲೇಜಿನ ಕ್ಯಾಂಟೀನಿನಲ್ಲಿ ಚಹಾ ತರಿಸಿ ಅವನೇ ಅವಳ ಮುಂದಿಟ್ಟ. "ಅಕ್ಕಾರ, ನಾ ಗುಣ ಆದೆ. ಗಾಡಿ ಹಂಪಿನ ಮ್ಯಾಲ ಕುಲುಕಿದ್ರೂ ಎದಿ ಅನ್ನೂದು ಡಬ್ ಅನ್ನಂಗಿಲ್ಲ. ಒಮ್ಮೆನೂ ಇಳದು ನೋಡಿಲ್ಲ. ಮನ್ಯಾಗ ಹೆಣ್ಣು ನೋಡಾಕತ್ತಾರ."

"ಭಾಳ ಸಂತೋಷ ಆತು ದಾವಲ."

ಸಂತೋಷವೇನೋ ಆಗಿತ್ತು. ಅದರ ಅಡಿಯಲ್ಲೇ ಸಣ್ಣದೊಂದು ಹೊಟ್ಟೆಕಿಚ್ಚೂ ಇತ್ತು. ಅವನ ಕೈಯಲ್ಲಿ ಬಟ್ಟಲು ಅಲುಗಾಡುತ್ತಿರಲಿಲ್ಲ. ತನ್ನ ಕೈಯನ್ನು ಅವಳು ಮೇಜಿನ ಕೆಳಗೆ ಇಟ್ಟುಕೊಂಡಿದ್ದಳು.

ಆ ವಾರವೆಲ್ಲ ಹಾಗೇ ಕಳೆಯಿತು. ದಿಗಿಲು ಬೆಳಗ್ಗೆ ಬರುತ್ತಿತ್ತು, ಸಂಜೆ ಬರುತ್ತಿತ್ತು, ಕೆಲವೊಮ್ಮೆ ನಡುಹಗಲೇ ಬರುತ್ತಿತ್ತು. ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಆದರೆ ಸ್ಕೂಟರಿನ ಕೀಲಿ ಮೊಳೆಯ ಮೇಲೆ ಇರಲಿಲ್ಲ, ಈರಣ್ಣ ಅದನ್ನು ಜೇಬಿನಲ್ಲೇ ಇಟ್ಟುಕೊಂಡು ಗಿರಣಿಗೆ ಹೋಗುತ್ತಿದ್ದ. ನಂದಿತಾ ಗೆಳತಿಯ ಮನೆಗೆ ಓದಲು ಹೋಗುವುದನ್ನು ಬಿಟ್ಟು ಅಡುಗೆಮನೆಯಲ್ಲೇ ಪುಸ್ತಕ ಹರಡಿಕೊಂಡು ಕೂರುತ್ತಿದ್ದಳು. ಕಸ್ತೂರಿ ನಕ್ಕರೂ ಅವರು ಬೆಚ್ಚುತ್ತಿದ್ದರು, ಸುಮ್ಮನಿದ್ದರೂ ಬೆಚ್ಚುತ್ತಿದ್ದರು. ಹೇಗಿದ್ದರೆ ಇವರಿಗೆ ಸಮಾಧಾನ ಎಂದು ತಿಳಿಯದೆ ಅವಳು ತನ್ನ ಮುಖವನ್ನೇ ಕಾಯತೊಡಗಿದಳು.

ಕೇಂದ್ರದ ಮುಖ್ಯಸ್ಥ ಡಾಕ್ಟರ್ ಜೋಶಿ ಅವಳನ್ನು ಕರೆಸಿದರು. ಅವಳು ಆಸ್ಪತ್ರೆಯಲ್ಲಿದ್ದ ಕಾಲದಿಂದಲೂ ನೋಡಿದವರು, ಒಡನಾಡಿಯಾಗು ಎಂದು ಒತ್ತಾಯ ಮಾಡಿದವರೂ ಅವರೇ.

"ಕಸ್ತೂರಿ, ನೀ ಖರೇ ಹೇಳಬೇಕು ನಂಗ. ಏನಾಗ್ಲಿಕ್ಕತ್ತದ?"

ಅವಳು ಎಲ್ಲವನ್ನೂ ಹೇಳಿದಳು. ಅವರು ಅವಳ ಗೆರೆಯನ್ನು ಪರದೆಯ ಮೇಲೆ ತೆರೆದು ನೋಡಿದರು.

"ನಿನ್ನ ಜೋಡಿ ಇರೋ ಮಂದಿ ಎಲ್ಲಾರೂ ಶಾಂತ ಇದ್ದಾರ. ಅಂದಮ್ಯಾಲ ಇದು ನಿಂದs ಅಂತ ತಿಳೀಬೇಕಾಗ್ತದ. ಹೆದರಬ್ಯಾಡ, ಮೊದಲs ಹಿಡದೀವಿ. ಸ್ವಲ್ಪ ದಿನ ಬಿಲ್ಲೆ ತಗದಿಡು. ಗುಳಗಿ ಸ್ವಲ್ಪ ಜಾಸ್ತಿ ಮಾಡ್ತೀನಿ. ನಿನ್ನ ಮಂದಿನ್ನ ಉಳಿದ ಒಡನಾಡಿಗಳು ನೋಡ್ಕೋತಾರ."

"ದಾವಲನ್ನ ಯಾರು ನೋಡ್ಕೋತಾರ್ರಿ?"

"ಅವಂಗ ಯಾರೂ ಬೇಕಾಗಿಲ್ಲ ಅನಸ್ತದ. ಎಲ್ಲಾರಿಗಿಂತ ಅವನs ಛೊಲೋ ಇದ್ದಾನ."

ಅದರಲ್ಲಿ ತಪ್ಪು ಕಾಣುವುದಕ್ಕೆ ಯಾರಿಗೂ ಕಾರಣವಿರಲಿಲ್ಲ. ಕಸ್ತೂರಿಗೂ ಕಾಣಲಿಲ್ಲ.

ಮರುದಿನ ನಂದಿತಾ ಕಾಲೇಜಿಗೆ ಹೋದಮೇಲೆ ಪ್ರಣತಿಯ ಫೋನು ಬಂತು. ದಾವಲನೊಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ಬೇರೆ ಒಡನಾಡಿಗಳಿಗೆ ಜೋಡಿಸಿ ಆಗಿದೆ, ಇನ್ನು ನೀವು ಬಿಲ್ಲೆ ತೆಗೆಯಬಹುದು ಎಂದಳು. ಈರಣ್ಣ ಅಂದು ಗಿರಣಿ ತೆರೆದಿರಲಿಲ್ಲ, ಬೆಲ್ಟು ಹರಿದಿದೆ ಎಂಬ ನೆಪ ಹೇಳಿ ಮನೆಯಲ್ಲೇ ಉಳಿದಿದ್ದ. ಕಸ್ತೂರಿಯ ಎದೆ ಆಗಲೂ ಡವಗುಟ್ಟುತ್ತಿತ್ತು. ಕಿವಿಯ ಹಿಂದಿನಿಂದ ಬಿಲ್ಲೆಯನ್ನು ಬಿಡಿಸಿ ಅದರ ಪೆಟ್ಟಿಗೆಯೊಳಗಿಟ್ಟು ಮುಚ್ಚಿದಳು.

ದಿಗಿಲು ನಿಂತಿತು.

ಮಿಕ್ಸರಿನ ಗುಂಡಿ ಆರಿಸಿದರೆ ಸದ್ದು ನಿಲ್ಲುವಂತೆ ನಿಂತಿತು. ಹೊಟ್ಟೆ ತಿಳಿಯಾಯಿತು, ಹೆಗಲು ಇಳಿಯಿತು. ಹಿತ್ತಲಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು, ಬೀದಿಯಲ್ಲಿ ಸೊಪ್ಪಿನವಳ ಕೂಗು, ಎಲ್ಲ ಸ್ಪಷ್ಟವಾಗಿ ಕೇಳತೊಡಗಿತು. ಎಷ್ಟು ಹಗುರ! ಅವಳಿಗೆ ಅಳು ಬಂದಂತಾಯಿತು. ಗಂಡನನ್ನು ಕರೆದು ಹೇಳಬೇಕೆಂದು ಬಾಯಿ ತೆರೆದವಳು ಹಾಗೆಯೇ ನಿಂತಳು.

ತನ್ನ ಭಯವೇ ಆಗಿದ್ದರೆ ಬಿಲ್ಲೆ ತೆಗೆದ ಕೂಡಲೇ ಹೇಗೆ ಹೋದೀತು? ಗುಳಿಗೆಯನ್ನಂತೂ ಅವಳಿನ್ನೂ ನುಂಗಿರಲಿಲ್ಲ. ಭಾನುವಾರಗಳಲ್ಲಿ ಅದು ಬರುತ್ತಲೇ ಇರಲಿಲ್ಲ. ಗಂಡ, ಮಗಳು ಮನೆಯಲ್ಲಿರುತ್ತಾರೆ, ಅದಕ್ಕೇ ಧೈರ್ಯ ಎಂದುಕೊಂಡಿದ್ದಳು. ಭಾನುವಾರ ದಾವಲನ ಕಾಲೇಜು ಬಸ್ಸೂ ಓಡುವುದಿಲ್ಲ.

ಅವನ ಗೆರೆ ಹಸಿರಾಗಿದ್ದದ್ದು ಅವನ ಭಯವನ್ನೆಲ್ಲ ಇವಳು ಹೊತ್ತಿದ್ದರಿಂದ. ಆ ಭಯ ಈಗ ಎಲ್ಲಿಗೆ ಹೋಯಿತು?

ಫೋನು ಎತ್ತಿಕೊಳ್ಳುವಷ್ಟರಲ್ಲಿ ಅದೇ ರಿಂಗಾಯಿತು. ಪ್ರಣತಿಯ ದನಿ ನಡುಗುತ್ತಿತ್ತು. "ಮೇಡಂ, ದಾವಲ್‌ಸಾಬ್ ಗೆರೆ ಒಂದೇ ಸಲ ಮೇಲಕ್ಕೆ ಹೋಗಿದೆ. ನೀವು ತೆಗೆದ ಕ್ಷಣದಿಂದ. ನಾನು ನೋಡಬೇಕಿತ್ತು ಮೇಡಂ, ನನಗೆ ಹೊಳೀಲೇ ಇಲ್ಲ."

"ಅಂವ ಗಾಡಿ ಮ್ಯಾಲ ಅದಾನೇನು?"

"ಹೌದು. ಹುಡುಗಿಯರನ್ನ ಆಸ್ಪತ್ರೆಗೆ ಕರ್ಕೊಂಡು ಹೊರಟಿದ್ದಾರೆ. ಫೋನ್ ಎತ್ತುತ್ತಾ ಇಲ್ಲ. ಜಾಗ ಉಣಕಲ್ ಕೆರೆ ಹತ್ರ ತೋರಿಸ್ತಿದೆ."

"ನಾ ಬಿಲ್ಲೆ ಮತ್ತ ಹಚ್ಕೊಂಡ್ರ?"

"ಜೋಡಣೆ ಆಗೋಕೆ ಹೊತ್ತು ಬೇಕು ಮೇಡಂ. ಅದೂ ಈಗ ಅವರ ಲಯ ಇರೋ ರೀತಿ ನೋಡಿದ್ರೆ ನಿಮಗೇನಾಗುತ್ತೋ ಗೊತ್ತಿಲ್ಲ. ಬೇಡ. ಡಾಕ್ಟ್ರನ್ನ ಕರ್ಕೊಂಡು ನಾವೂ ಹೊರಟ್ವಿ."

ಕಸ್ತೂರಿ ಹೊರಗೋಡಿ ಬಂದಳು. "ರೀ, ಸ್ಕೂಟರ್ ತಗೀರಿ. ಉಣಕಲ್ ಕೆರಿಗೆ ಹೋಗಬೇಕು, ಈಗಿಂದೀಗ."

ಈರಣ್ಣನ ಕೈ ಜೇಬಿಗೆ ಹೋಯಿತು, ಅಲ್ಲೇ ನಿಂತಿತು. ಕಣ್ಣರಳಿಸಿ, ಕೂದಲು ಕೆದರಿ, ಎಲ್ಲಿಗೋ ಹೋಗಬೇಕೆಂದು ಅವಸರಪಡುವ ಹೆಂಡತಿಯನ್ನು ಅವನು ಹಿಂದೊಮ್ಮೆ ನೋಡಿದ್ದ. "ಕಸ್ತೂರಿ, ಸ್ವಲ್ಪ ಕುಂದರು. ನೀರು ಕುಡಿ."

ಕೂಗಬೇಕೆನಿಸಿತು. ಕೂಗಿದರೆ ಅವನು ಖಂಡಿತ ನಂಬುವುದಿಲ್ಲ. ಅವಳು ಉಸಿರೆಳೆದುಕೊಂಡು ಮೆಲ್ಲಗೆ ಹೇಳಿದಳು: "ನಿಮಗ ನನ್ನ ಮ್ಯಾಲ ಅನುಮಾನ ಬರೂದು ತಪ್ಪಲ್ಲ. ಆದ್ರ ಇದು ಅದಲ್ಲ. ಒಬ್ಬಾಂವ ಬಸ್ಸಿನ್ಯಾಗ ಹುಡುಗ್ಯಾರನ್ನ ಕೂಡಿಸ್ಕೊಂಡು ಹೆದರ್ಯಾನ. ನೀವ ನಡಸ್ರಿ. ಅಲ್ಲಿ ಹೋದಮ್ಯಾಲ ನಾ ಹೇಳಿದ್ದು ಸುಳ್ಳಾದ್ರ ಸೀದಾ ದವಾಖಾನಿಗೆ ಕರಕೊಂಡು ಹೋಗ್ರಿ, ಒಂದ ಮಾತು ಆಡಂಗಿಲ್ಲ."

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ಕೀಲಿ ತೆಗೆದ.

ದಾರಿಯುದ್ದಕ್ಕೂ ಅವಳ ಕಣ್ಣು ಜನ ಗುಂಪುಗೂಡಿದ ಜಾಗಗಳನ್ನೇ ಹುಡುಕುತ್ತಿತ್ತು. ಆಂಬುಲೆನ್ಸಿನ ಸದ್ದೊಂದು ಹಿಂದಿನಿಂದ ಬಂತು. ಅದು ಬೇರೆ ದಾರಿಗೆ ತಿರುಗುವವರೆಗೂ ಅವಳು ಗಂಡನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಯಾವ ಬಿಲ್ಲೆಯೂ ತಂದುಕೊಡದ, ಅವಳದೇ ಆದ ಭಯ ಅದು. ಹಿಡಿದು ನೋಡಬಹುದಾದಷ್ಟು ಸ್ಪಷ್ಟವಾಗಿತ್ತು.

ಬಸ್ಸು ಕೆರೆಯ ದಂಡೆಯ ಪಕ್ಕ, ರಸ್ತೆಯಿಂದ ಪೂರ್ತಿ ಹೊರಗೆ ನಿಂತಿತ್ತು. ದೀಪಗಳು ಮಿಣುಕುತ್ತಿದ್ದವು. ಒಳಗೆ ಬಿಳಿ ಸಮವಸ್ತ್ರದ ಹುಡುಗಿಯರು ಕಿಟಕಿಗಳಿಗೆ ಮುಖ ಒತ್ತಿ ಕೆಳಗೆ ನೋಡುತ್ತಿದ್ದರು. ದಾವಲ ನೆಲಕ್ಕೆ ಮಂಡಿಯೂರಿ, ಮುಂದಿನ ಗಾಲಿಯ ಕೆಳಗೆ ಬಗ್ಗಿ ನೋಡುತ್ತಿದ್ದ. ಎದ್ದು ಹಿಂದಿನ ಗಾಲಿಗೆ ಹೋದ, ಅಲ್ಲಿಂದ ಆ ಬದಿಗೆ ಹೋದ, ಸುತ್ತು ಬಂದು ಮತ್ತೆ ಮುಂದಿನ ಗಾಲಿಗೆ ಬಂದ. ಮೊಣಕಾಲು ತರಚಿ ಪ್ಯಾಂಟು ಹರಿದಿತ್ತು.

"ಅಕ್ಕಾರ!" ಕಂಡ ಕೂಡಲೇ ಅವಳ ಬಳಿ ಓಡಿಬಂದ. "ಕೆಳಗ ನೋಡ್ರಿ ಅಕ್ಕಾರ. ಒಂದು ಕೂಸು ಐತೇನು ನೋಡ್ರಿ. ನಂಗ ಕಾಣವಲ್ದು. ನೀವರ ನೋಡಿ ಹೇಳ್ರಿ, ಯಾರೂ ಇಲ್ಲಂತ ಒಂದ ಸಲ ಹೇಳ್ರಿ ಸಾಕು."

ಒಂದು ಸಲ ಹೇಳಿದರೆ ಸಾಕಾಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಹೇಳಿದಷ್ಟೂ ಆ ಕಾಯಿಲೆ ಇನ್ನಷ್ಟು ಕೇಳುತ್ತದೆ. ಆದರೂ ಆ ಗಳಿಗೆಯಲ್ಲಿ ಕಸ್ತೂರಿಗೆ ಬಗ್ಗಿ ನೋಡಬೇಕೆನಿಸಿತು. ಅವನಿಗಾಗಿ ಮಾತ್ರವಲ್ಲ. ನಿಜವಾಗಿಯೂ ಇದ್ದರೆ? ಈ ಸಲ, ಇದೊಂದೇ ಸಲ, ಗಾಲಿಯ ಕೆಳಗೆ ಯಾರಾದರೂ ಇದ್ದರೆ? ಅವಳ ಕುತ್ತಿಗೆ ತಾನಾಗಿಯೇ ಬಗ್ಗಿತು. ಅರ್ಧಕ್ಕೆ ತಡೆದಳು.

"ನಾ ನೋಡಂಗಿಲ್ಲ ದಾವಲ."

"ಹಂಗಂದ್ರ ಐತಿ! ಐತಿ ಅಂತನ ನೋಡವಲ್ರಿ ನೀವು!"

"ನಾ ನೋಡಂಗಿಲ್ಲ. ನಂಗೂ ಅಂಜಿಕಿ ಆಗೇತಿ. ಎದಿ ಹೊಡಕೊಳ್ಳಾಕತ್ತೇತಿ, ಬೇಕಾರ ಕೈ ಹಿಡದು ನೋಡು. ಆದ್ರೂ ನೋಡಂಗಿಲ್ಲ. ಇಲ್ಲೆ ಕುಂದರ್ತೀನಿ. ನೀನೂ ಬಾಜೂಕ ಕುಂದರು."

ಅವಳು ರಸ್ತೆಯಂಚಿನ ಹುಲ್ಲಿನ ಮೇಲೆ, ಗಾಲಿಗೆ ಬೆನ್ನು ಮಾಡಿ ಕೂತಳು. ಅವನು ಕೂರಲಿಲ್ಲ. ಇನ್ನೊಂದು ಸುತ್ತು ಹೋದ, ಮತ್ತೊಂದು ಹೋದ. ಅವಳು ತಿರುಗಿ ನೋಡಲಿಲ್ಲ. ಸ್ಕೂಟರಿನ ಪಕ್ಕ ನಿಂತಿದ್ದ ಈರಣ್ಣ ಬಸ್ಸಿನೊಳಗೆ ಹೋಗಿ ಹುಡುಗಿಯರ ಜೊತೆ ಏನೋ ಮಾತಾಡತೊಡಗಿದ. ಬಹಳ ಹೊತ್ತಿನ ಮೇಲೆ ದಾವಲ ಬಂದು ಅವಳಿಂದ ಒಂದು ಮೊಳ ದೂರದಲ್ಲಿ ಕುಸಿದು ಕೂತ. ಹಲ್ಲು ಕಟಕಟಿಸುತ್ತಿದ್ದವು. ಎದ್ದು ಹೋದ, ತಿರುಗಿ ಬಂದ, ಮತ್ತೆ ಕೂತ. ಅವನ ಭಯ ಅವನ ಮೈಯಲ್ಲೇ ಇತ್ತು, ಅವಳದು ಅವಳ ಮೈಯಲ್ಲಿ. ಎರಡೂ ಅಕ್ಕಪಕ್ಕ ಕೂತಿದ್ದವು. ನೀರಿನ ಕಡೆಯಿಂದ ಗಾಳಿ ಬೀಸುತ್ತಿತ್ತು. ಡಾಕ್ಟರ ಕಾರು ಬಂದು ನಿಂತಾಗ ಅವನ ಹಲ್ಲುಗಳ ಸದ್ದು ನಿಂತಿತ್ತು, ಕಣ್ಣು ಮಾತ್ರ ಇನ್ನೂ ಗಾಲಿಯ ಮೇಲಿತ್ತು.

ಜೋಶಿಯವರು ಅಂದೇ ಎಲ್ಲ ಒಡನಾಡಿಗಳನ್ನೂ ಕೂಡಿಸಿ, ತಪ್ಪು ತಮ್ಮದೆಂದು ಹೇಳಿದರು. ಹಸಿರು ಗೆರೆಯನ್ನು ನೋಡಿ ಗುಣವಾಯಿತೆಂದು ತಿಳಿದೆವು, ಆ ಹಸಿರು ಯಾರ ಮೈಯಿಂದ ಬರುತ್ತಿದೆ ಎಂದು ಕೇಳಲಿಲ್ಲ ಎಂದರು. ಬಿಲ್ಲೆಗಳನ್ನೆಲ್ಲ ಒಟ್ಟಿಗೇ ಕಿತ್ತರೆ ಇನ್ನೆಷ್ಟು ಜನ ದಾವಲನ ಹಾಗೆ ಬೀಳುತ್ತಾರೋ ಗೊತ್ತಿರಲಿಲ್ಲ. ಹಾಗಾಗಿ ಪ್ರಣತಿ ಒಬ್ಬೊಬ್ಬರದನ್ನೂ ದಿನಕ್ಕೆ ಸ್ವಲ್ಪ ಸ್ವಲ್ಪವೇ ಸಡಿಲಿಸುವ ದಾರಿ ಹುಡುಕುತ್ತಿದ್ದಳು, ಪ್ರತಿಯೊಬ್ಬರಿಗೂ ಮೊದಲು ಹೇಳಿ, ಒಪ್ಪಿಗೆ ಪಡೆದು.

ದಾವಲ ಕೆಲವು ದಿನ ಕೇಂದ್ರದಲ್ಲಿದ್ದು ಮನೆಗೆ ಹೋದ. ಕಸ್ತೂರಿ ನೋಡಲು ಹೋದಾಗ ಮುಖ ತಿರುಗಿಸಿದ. ಅವನ ತಾಯಿ ಚಾಪೆ ಹಾಸಿ ಒಳಗೆ ಹೋದಳು.

"ನೀವು ಗೊತ್ತಿದ್ದ ಮಾಡಿದ್ರೇನು?" ಎಂದ ಅವನು.

"ಇಲ್ಲ. ನಂಗೂ ಗೊತ್ತಿರಲಿಲ್ಲ. ನಂದ ಬ್ಯಾನಿ ತಿರುಗಿ ಬಂತು ಅನ್ಕೊಂಡಿದ್ದೆ."

"ನಾ ಗುಣ ಆಗೀನಿ ಅಂತ ಊರೆಲ್ಲಾ ಹೇಳ್ಕೊಂಡು ತಿರಗ್ಯಾಡಿದೆ ಅಕ್ಕಾರ. ಅವ್ವಗ ಹೇಳಿದೆ. ಹೆಣ್ಣಿನ ಮನಿಯವರಿಗೆ ಹೇಳಿದೆ. ನಂದೇನೂ ಆಗಿದ್ದಿಲ್ಲ. ನಿಮ್ಮ ಎದಿ ಮ್ಯಾಲ ನಾ ಗಾಡಿ ಓಡಸಾಕತ್ತಿದ್ದೆ." ಅವನ ಕಣ್ಣು ತುಂಬಿತ್ತು, ದನಿ ಮಾತ್ರ ಗಡುಸಾಗಿತ್ತು. "ಒಂದು ದಿನನೂ ನಾ ಆರಾಮ ಇದ್ದಿಲ್ಲ. ಇದ್ದಂಗ ಮಾಡಿದ್ರಿ, ಅಷ್ಟ."

ಸುಳ್ಳು ಸಮಾಧಾನ ಹೇಳುವುದಕ್ಕೆ ಅವಳ ಮನಸ್ಸು ಒಪ್ಪಲಿಲ್ಲ. ಅವನು ಹೇಳಿದ್ದರಲ್ಲಿ ನಿಜವಿತ್ತು. ಕೊನೆಗೆ ಅವಳು ಕೇಳಿದಳು: "ಆವತ್ತ ಬಸ್ಸಿನ್ಯಾಗ ಏನಾತು? ನೀ ನಂಗ ಹೇಳs ಇಲ್ಲ."

"ಏನಾಗೂದೈತಿ? ಗಾಡಿ ಕುಲುಕ್ತು. ಕಣ್ಣಿಗಿ ಕತ್ತಲಿ ಬಂತು. ಯಾರೋ ಸಿಕ್ರು ಅನಿಸ್ತು."

"ಆಮ್ಯಾಲ?"

"ಆಮ್ಯಾಲ... ಅಲ್ಲೆ ನಡುರಸ್ತಾದಾಗ ಜಿಗಿದು ಇಳೀಬೇಕು ಅನಿಸ್ತು. ಹಿಂದ ಹುಡುಗ್ಯಾರು ಹಾಡಾಕತ್ತಿದ್ರು. ಹಿಂದ ಒಂದು ಲಾರಿ ಬರಾಕತ್ತಿತ್ತು. ಇಂಡಿಕೇಟರ್ ಹಾಕಿ, ಲಾರಿ ಹೋಗೂ ಮಟ ತಡದು, ಬಾಜೂಕ ತಗೊಂಡೆ. ಹ್ಯಾಂಡ್‌ಬ್ರೇಕ್ ಎಳದೆ. ಯಾರೂ ಇಳೀಬ್ಯಾಡ್ರಿ ಅಂತ ಹುಡುಗ್ಯಾರಿಗೆ ಹೇಳಿ ಇಳದೆ." ಅವನು ಭುಜ ಕುಣಿಸಿದ. "ಇಳದು ಹುಚ್ಚನಂಗ ಗಾಲಿ ಸುತ್ತ ತಿರಗಿದೆ. ನೀವ ನೋಡೀರಲ್ಲ."

"ಹೆದರಿಕಿ ಎಷ್ಟಿತ್ತು ಆಗ?"

"ಎಷ್ಟಂತ ಹೇಳ್ಲಿ? ಜೀವ ಹೋಗೂವಷ್ಟು. ಇಷ್ಟು ದಿನದ್ದೆಲ್ಲಾ ಕೂಡೇ ಬಂದಂಗ ಇತ್ತು."

"ನನ್ನ ಬಿಲ್ಲೆ ಆಗ ಪೆಟ್ಟಿಗ್ಯಾಗಿತ್ತು ದಾವಲ. ನನ್ನ ಜೋಡಿ ನಿಂಗ ಏನೂ ಸಂಬಂಧ ಇರಲಿಲ್ಲ. ನಾ ಅಡಗಿಮನ್ಯಾಗ ಆರಾಮ ನಿಂತಿದ್ದೆ." ಅವಳು ಅವನ ಕಡೆ ತಿರುಗಿದಳು. "ಲಾರಿ ಹೋಗೂ ಮಟ ತಡದಾಂವ ನೀನ. ಬಸ್ ನಿಲ್ಲಿಸಿದಾಂವ ನೀನ."

ದಾವಲ ಚಾಪೆಯ ಅಂಚನ್ನು ಬೆರಳಿನಿಂದ ಕೀಳುತ್ತ ಕೂತ. ಒಳಗೆ ಅವನ ತಾಯಿಯ ಬಳೆಗಳ ಸದ್ದು ಕೇಳಿ ನಿಂತಿತು.

"ಅಕ್ಕಾರ, ಇನ್ನೊಮ್ಮೆ ಹೇಳ್ರಿ."

"ನಾ ಹೇಳಂಗಿಲ್ಲ. ನೀ ಹೇಳು."

ಅವಳು ಕಾದಳು. ಅವನು ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಒತ್ತಿ ಹಿಡಿದ. ಆದರೂ ಅವು ನಡುಗುತ್ತಿದ್ದವು.

"ನಾನ ನಿಲ್ಲಿಸಿದೆ," ಎಂದ, ಕೇಳಿಸಿಯೂ ಕೇಳಿಸದ ಹಾಗೆ.